ಮನೆ ಮುಂದೆ ಹೊಂಗೆ ಮರ: ತುಮಕೂರು ಕಡೆಯವರು ಪದೇ ಪದೇ ಕೇಳೋ ಪ್ರಶ್ನೆಗಳು

ನಮ್ಮ ಬೀದೀಲಿ ದೊಡ್ಡ ಹೊಂಗೆ ಮರ ಇರೋದು ನಮ್ಮನೆ ಮುಂದೆ ಮಾತ್ರ. ಮಧ್ಯಾಹ್ನ ಆದ್ರೆ ಸಾಕು, ಸೊಪ್ಪು ಮಾರೋ ಅಜ್ಜಿ, ಕೊರಿಯರ್ ಹುಡುಗರು, ಮೂರು ಬೀದಿ ನಾಯಿ, ಪಕ್ಕದ ಮನೆಯವರ ಕಾರು ಎಲ್ಲಾ ಅದರ ಕೆಳಗೇ ಬಂದು ಸೇರ್ತವೆ, ಹಂಗೆ ನಿಂತವರು ಸುಮ್ನೆ ಹೋಗಲ್ಲ, ಇದು ಎಷ್ಟು ವರ್ಷದ್ದು, ನಮ್ಮನೇಲೂ ಹಾಕ್ಬೋದಾ, ಬೇರು ಗೋಡೆ ಎತ್ತಲ್ವಾ ಅಂತ ಕೇಳ್ತಾರೆ. ಹದಿನೈದು ವರ್ಷದಿಂದ ಅದೇ ಉತ್ತರ ಹೇಳಿ ಹೇಳಿ ಬಾಯಿ ನೋವು ಬಂತು, ಅದಕ್ಕೆ ಒಂದೇ ಸಲ ಬರೆದು ಹಾಕ್ತಿದೀನಿ. ನಾನೇನು ತೋಟಗಾರಿಕೆ ಓದಿದವನಲ್ಲ, ಐದು ಹೊಂಗೆ ನೆಟ್ಟು ಎರಡು ಸಾಯಿಸಿದವನು, ಅಷ್ಟೇ ಅನುಭವ.

ಸರ್, ಮಗಳು ಕೆನಡಾದಿಂದ ಫೋಟೋ ಕಳ್ಸಿದಾಳೆ, ಬೆಳ್ಳಗಿರೋ ಕಾಂಡದ ಬರ್ಚ್ ಮರ. ಅದು ನಮ್ಮೂರಲ್ಲಿ ಬರುತ್ತಾ?

ಬರಲ್ಲ. ಫೋಟೋ ನೋಡಿದೆ, ಚೆನ್ನಾಗಿದೆ, ಇಲ್ಲ ಅನ್ನಲ್ಲ. ನಮ್ಮ ದೇಶದಲ್ಲೂ ಬರ್ಚ್ ಇದೆ, ಭೂರ್ಜ ಅಂತ ಹೆಸರು, ಹಿಂದೆ ಅದರ ತೊಗಟೆ ಮೇಲೇ ಬರೀತಿದ್ರು, ಸೊನ್ನೆಗೆ ಚುಕ್ಕೆ ಹಾಕಿರೋ ಆ ಬಕ್ಷಾಲಿ ಗಣಿತದ ಹಸ್ತಪ್ರತಿ ಇದೆಯಲ್ಲ, ಅದೂ ಭೂರ್ಜದ ತೊಗಟೇನೇ. ಆದ್ರೆ ಆ ಮರ ಇರೋದು ಹಿಮಾಲಯದಲ್ಲಿ, ಸುಮಾರು 3000 ಮೀಟರ್ ಮೇಲೆ, ಚಳಿಗಾಲದಲ್ಲಿ ಹಿಮ ಬೀಳೋ ಜಾಗದಲ್ಲಿ. ಅದಕ್ಕೆ ವರ್ಷಕ್ಕೊಂದ್ಸಲ ಗಡಗಡ ಚಳೀಲಿ ಮಲಗಿ ಏಳ್ಬೇಕು. ನಂದಿ ಬೆಟ್ಟದ ತುದೀನೇ 1478 ಮೀಟರ್, ನಮ್ಮ ದೇವರಾಯನದುರ್ಗ ಅದಕ್ಕಿಂತ ಕಮ್ಮಿ. ಏಪ್ರಿಲ್‌ನಲ್ಲಿ 37-38 ಡಿಗ್ರಿ ಹೊಡೆಯೋ ತುಮಕೂರಲ್ಲಿ ಅದನ್ನ ನೆಡೋದು ಅಂದ್ರೆ ಕುರಿಗೆ ಸ್ವೆಟರ್ ಹಾಕಿ ಪಾವಗಡಕ್ಕೆ ಕಳ್ಸಿದಂಗೆ. ಆನ್‌ಲೈನಲ್ಲಿ ಬೀಜ ಮಾರ್ತಾರೆ, ದುಡ್ಡು ಹಾಳು ಮಾಡ್ಕೋಬೇಡಿ.

ಬೆಳ್ಳನೆ ಕಾಂಡಾನೇ ಬೇಕು ಅಂದ್ರೆ ದಿಂಡಿಗ ನೋಡಿ, ದೇವರಾಯನದುರ್ಗದ ಕಾಡಲ್ಲೇ ಇದೆ, ನಯವಾದ ತಿಳಿ ಬೂದಿ ಬಣ್ಣದ ತೊಗಟೆ, ದೂರದಿಂದ ಬೆಳ್ಳಗೇ ಕಾಣುತ್ತೆ. ಆದ್ರೆ ತುಂಬಾ ನಿಧಾನ, ನೆಟ್ಟವರಿಗಿಂತ ಮೊಮ್ಮಕ್ಕಳಿಗೆ ಉಪಯೋಗ.

ಹಂಗಾದ್ರೆ ಹೊಂಗೇನೇ ಯಾಕೆ? ಬೇವು, ಗುಲ್‌ಮೊಹರ್, ಆಲ ಯಾವುದೂ ಆಗಲ್ವಾ?

ಬೇವು ಆಗುತ್ತೆ, ಬೇವಿನ ಬಗ್ಗೆ ನಂದೇನೂ ತಕರಾರಿಲ್ಲ. ಗುಲ್‌ಮೊಹರ್ ಮಡಗಾಸ್ಕರ್ ಕಡೆಯದು, ಹೂ ಬಿಟ್ಟಾಗ ನೋಡೋಕೆ ಚಂದ, ಆದ್ರೆ ಬೇರು ಮೇಲ್ಮೇಲೆ ಹರಡುತ್ತೆ, ಮುಂಗಾರಿನ ಮುಂಚೆ ಗಾಳಿ ಬೀಸಿದಾಗ ಕೊಂಬೆ ಮುರಿದು ಯಾರದ್ದೋ ಕಾರಿನ ಮೇಲೆ. ಆಲ ನೆಡೋರು ಸಾಲುಮರದ ತಿಮ್ಮಕ್ಕನ್ನ ನೆನೆಸ್ಕೊಂಡು ನೆಡ್ತಾರೆ, ತಿಮ್ಮಕ್ಕ ನಮ್ಮ ಗುಬ್ಬಿ ತಾಲ್ಲೂಕಲ್ಲೇ ಹುಟ್ಟಿದವರು, ಸರಿ, ಆದ್ರೆ ಅವರು ಆಲ ಹಾಕಿದ್ದು ಹುಲಿಕಲ್‌ನಿಂದ ಕುದೂರಿಗೆ ಹೋಗೋ ರಸ್ತೆ ಬದಿಗೆ, 30-40 ಸೈಟಿಗಲ್ಲ. ಸೈಟಲ್ಲಿ ಆಲ ಹಾಕಿದ್ರೆ ಮರ ಇರ್ಬೇಕು ಇಲ್ಲ ಮನೆ ಇರ್ಬೇಕು.

ಹೊಂಗೆ ಇಲ್ಲೀದೇ ಮರ. ಕೆರೆ ಏರಿ, ಹಳ್ಳದ ದಂಡೆ, ಹೊಲದ ಬದು, ಬಸ್ ಸ್ಟ್ಯಾಂಡು, ಎಲ್ಲಿ ನೋಡಿದ್ರೂ ಇದೆ, ಅದಕ್ಕೇ ನಮ್ಮವರಿಗೆ ಅದು ಕಣ್ಣಿಗೇ ಬೀಳಲ್ಲ. ವರ್ಷಕ್ಕೆ 500 ಮಿಲಿಮೀಟರ್ ಮಳೆ ಬಿದ್ರೂ ಬದುಕುತ್ತೆ, ಬೋರ್‌ವೆಲ್‌ನ ಉಪ್ಪುಪ್ಪು ಗಡಸು ನೀರು ತಡ್ಕೊಳ್ಳುತ್ತೆ, ಗರಸು ಮಣ್ಣಲ್ಲೂ ಬರುತ್ತೆ. ದ್ವಿದಳ ಜಾತಿ ಆದ್ರಿಂದ ಬೇರಿನ ಗಂಟಲ್ಲಿ ಸಾರಜನಕ ತಾನೇ ಹಿಡಿದು ಮಣ್ಣಿಗೆ ಸೇರ್ಸುತ್ತೆ. ಮುಖ್ಯವಾದ್ದು ನೆರಳು. ಹೊಂಗೆ ನೆರಳು ತಾಯಿ ಮಡಿಲು ಅಂತ ನಮ್ಮಜ್ಜಿ ಹೇಳ್ತಿದ್ರು, ಚಿಕ್ಕವರಿದ್ದಾಗ ಸುಮ್ನೆ ಗಾದೆ ಅನ್ಕೊಂಡಿದ್ದೆ, ಈಗ ಮೇ ತಿಂಗಳ ಎರಡು ಗಂಟೇಲಿ ಟೆರೇಸಿಂದ ಇಳಿದು ಅದರ ಕೆಳಗೆ ನಿಂತಾಗ ಗೊತ್ತಾಗುತ್ತೆ. ಅದು ಎಲೆ ಉದುರ್ಸೋದು ಚಳಿ ಮುಗಿಯೋ ಹೊತ್ತಿಗೆ, ಸ್ವಲ್ಪ ದಿನ ಮಾತ್ರ, ಯುಗಾದಿ ಹೊತ್ತಿಗೆ ಹೊಸ ಎಲೆ ತುಂಬ್ಕೊಂಡಿರುತ್ತೆ. ಅಂದ್ರೆ ನಮಗೆ ಯಾವಾಗ ನೆರಳು ಬೇಕೋ ಸರಿಯಾಗಿ ಆಗಲೇ ಮರ ರೆಡಿ.

ಮನೆಯಿಂದ ಎಷ್ಟು ದೂರ ನೆಡ್ಬೇಕು? ಬೇರು ಪಾಯ ಎತ್ತುತ್ತಾ?

ಇದು ನಂಬರ್ ಒನ್ ಪ್ರಶ್ನೆ, ಎಲ್ರೂ ಕೇಳೋದು. ಹೊಂಗೆದು ತಾಯಿಬೇರು ಆಳಕ್ಕೆ ಇಳಿಯುತ್ತೆ, ಪಕ್ಕದ ಬೇರೂ ಹರಡುತ್ತೆ, ಆದ್ರೆ ಅರಳಿ-ಆಲದ ಥರ ಗೋಡೆ ಸೀಳೋ ಜಾತಿ ಅಲ್ಲ. ಹಂಗಂತ ಪಾಯಕ್ಕೆ ಅಂಟಿಸಿ ನೆಡಬೇಡಿ. ನಾನು ಹೇಳೋದು ಮನೆ ಗೋಡೆಯಿಂದ 12-15 ಅಡಿ, ಸಂಪಿನಿಂದ 10 ಅಡಿ, ಕಾಂಪೌಂಡಿಂದ ಕಮ್ಮಿ ಅಂದ್ರೂ 5 ಅಡಿ. ಸಂಪಲ್ಲಿ ಬಿರುಕಿದ್ರೆ, ಡ್ರೈನೇಜ್ ಪೈಪಿನ ಜಾಯಿಂಟ್ ಲೀಕ್ ಇದ್ರೆ ಯಾವ ಮರದ ಬೇರಾದ್ರೂ ಅಲ್ಲಿಗೇ ಹೋಗುತ್ತೆ, ಅದು ಮರದ ತಪ್ಪಲ್ಲ, ಪ್ಲಂಬಿಂಗಿಂದು.

ದಿಕ್ಕು ನೋಡಿ ನೆಡಿ, ವಾಸ್ತುಗಲ್ಲ, ಬಿಸಿಲಿಗೆ. ಮನೆ ಕಾಯೋದು ಮಧ್ಯಾಹ್ನದ ಮೇಲಿನ ಬಿಸಿಲಿಗೆ, ಅದಕ್ಕೆ ಪಶ್ಚಿಮದ ಕಡೆ ಜಾಗ ಇದ್ರೆ ಮೊದಲು ಅಲ್ಲಿ ಹಾಕಿ. ಟೆರೇಸ್ ಮೇಲೆ ಸೋಲಾರ್ ಇದ್ರೆ ದಕ್ಷಿಣದ ಕಡೆ ಹತ್ತಿರದಲ್ಲಿ ಮರ ಬೇಡ, ಚಳಿಗಾಲದಲ್ಲಿ ಸೂರ್ಯ ಆ ಕಡೆ ವಾಲಿರ್ತಾನೆ, ಬೆಳಗ್ಗೆ ಸ್ನಾನಕ್ಕೆ ಬಿಸಿನೀರು ಬರಲ್ಲ ಅಂತ ಮನೆಯವರು ಮರಕ್ಕೆ ಬೈತಾರೆ.

ಇನ್ನೊಂದು, ತಲೆ ಎತ್ತಿ ಕರೆಂಟ್ ತಂತಿ ನೋಡಿ. ಇದನ್ನ ನಾನು ಮಾಡ್ಲಿಲ್ಲ. ಏಳನೇ ವರ್ಷಕ್ಕೆ ಮರ ತಂತಿ ಮುಟ್ತು, ಒಂದಿನ ನಾವು ಮದುವೆಗೆ ಹೋಗಿ ಬರೋಷ್ಟರಲ್ಲಿ ಯಾರೋ ಬಂದು ರಸ್ತೆ ಕಡೆಯ ಅರ್ಧ ಮರಾನೇ ಸವರಿ ಹೋಗಿದ್ರು, ಒಂದು ಕಡೆ ತಲೆ ಬೋಳಿಸಿದಂಗೆ. ಕಡಿದವರ ಮೇಲೆ ಸಿಟ್ಟು ಬಂತು, ಆಮೇಲೆ ಅನ್ಸಿದ್ದು ತಂತಿ ಕೆಳಗೆ ನೆಟ್ಟವನು ನಾನೇ ತಾನೇ. ಮೂರು ವರ್ಷ ಬೇಕಾಯ್ತು ಮರ ಮತ್ತೆ ದುಂಡಗಾಗೋಕೆ.

ನರ್ಸರೀಲಿ 8 ಅಡಿ ಎತ್ತರದ ಗಿಡಾನೇ ಸಿಗುತ್ತೆ, ಅದನ್ನ ತಂದ್ರೆ ಬೇಗ ಮರ ಆಗಲ್ವಾ?

ನಾನೂ ಹಂಗೇ ಅನ್ಕೊಂಡೇ ತಂದೆ. ದುಡ್ಡು ಜಾಸ್ತಿ ಕೊಟ್ಟು, ಆಟೋಲಿ ಹಾಕ್ಕೊಂಡು ಬಂದು, ಫೋಟೋ ತೆಗೆಸ್ಕೊಂಡು ನೆಟ್ಟಿದ್ದಾಯ್ತು. ಎರಡನೇ ವರ್ಷ ಮೇ ತಿಂಗಳ ಗಾಳಿಗೆ ಬುಡ ಸಮೇತ ಬಿತ್ತು. ಎತ್ತಿ ನೋಡಿದ್ರೆ ಬೇರು ಕವರ್ ಒಳಗೆ ಹೆಂಗಿತ್ತೋ ಹಂಗೇ ಚಕ್ಕುಲಿ ಥರ ಸುತ್ಕೊಂಡಿತ್ತು, ಮಣ್ಣಿಗೆ ಇಳಿದೇ ಇರ್ಲಿಲ್ಲ. ಹೊಂಗೆ ತಾಯಿಬೇರು ಬಹಳ ಬೇಗ ಉದ್ದ ಆಗುತ್ತೆ, ಚಿಕ್ಕ ಕವರಲ್ಲಿ ವರ್ಷಗಟ್ಟಲೆ ಇಟ್ಟ ಗಿಡ ಮೇಲೆ ಎತ್ತರ, ಕೆಳಗೆ ಗಂಟು.

ಅದಕ್ಕೆ ಒಂದೂವರೆ ಎರಡು ಅಡಿಯ ಗಿಡ ತಗೊಳ್ಳಿ, ಕಾಂಡ ಸೀದಾ ಇರ್ಲಿ, ಕವರ್ ತಳದ ತೂತಿಂದ ದಪ್ಪ ಬೇರು ಹೊರಗೆ ಬಂದಿದ್ರೆ ಬೇಡ ಅನ್ನಿ. ಅರಣ್ಯ ಇಲಾಖೆ ನರ್ಸರೀಲಿ ಮಳೆಗಾಲದ ಮುಂಚೆ ಕಮ್ಮಿ ರೇಟಿಗೆ ಸಿಗುತ್ತೆ. ಜಮೀನಿರೋ ರೈತರು ಬದುಗಳಲ್ಲಿ ಜಾಸ್ತಿ ಗಿಡ ಹಾಕೋದಾದ್ರೆ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಬಗ್ಗೆ ಅಲ್ಲೇ ವಿಚಾರ್ಸಿ, ನೆಟ್ಟ ಗಿಡ ಬದುಕಿದ್ರೆ ಮೂರು ವರ್ಷ ಗಿಡಕ್ಕಿಷ್ಟು ಅಂತ ದುಡ್ಡು ಕೊಡೋ ಯೋಜನೆ ಅದು.

ಬೀಜದಿಂದಾನೇ ಮಾಡ್ಬೋದಾ?

ಆರಾಮಾಗಿ. ನನ್ನ ಪ್ರಕಾರ ಅದೇ ಬೆಸ್ಟು, ಖರ್ಚೂ ಇಲ್ಲ. ಹೂ ಬಿಟ್ಟು ಕಾಯಿ ಬಲಿಯೋಕೆ ಸುಮಾರು ಹತ್ತು ತಿಂಗಳು ಹಿಡಿಯುತ್ತೆ, ಅಂದ್ರೆ ಹೋದ ವರ್ಷದ ಹೂವಿನ ಕಾಯಿ ಈ ವರ್ಷ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಒಣಗಿ ಬೀಳುತ್ತೆ. ಒಂದು ಕಾಯಲ್ಲಿ ಸಾಮಾನ್ಯವಾಗಿ ಒಂದೇ ಬೀಜ. ಒಳ್ಳೆ ನೆರಳಿನ ಮರ ನೋಡ್ಕೊಂಡು ಕಂದು ಬಣ್ಣಕ್ಕೆ ತಿರುಗಿದ ಕಾಯಿ ಆರಿಸಿ, ಮರದ ಸುತ್ತಿಗೇಲಿ ಅಂಚಿಗೆ ಮೆಲ್ಲಗೆ ತಟ್ಟಿದ್ರೆ ಸಿಪ್ಪೆ ಬಿಡುತ್ತೆ. ರಾತ್ರಿ ನೀರಲ್ಲಿ ನೆನೆಹಾಕಿ, ತೇಲಿದ್ದನ್ನ ಬಿಸಾಕಿ, ಉಳಿದಿದ್ದನ್ನ ಒಂದು ಇಂಚು ಆಳದಲ್ಲಿ ಊರಿ. ಎರಡು ವಾರದ ಆಸುಪಾಸಲ್ಲಿ ಮೊಳಕೆ ಬರುತ್ತೆ. ಹಳೇ ಬೀಜ ಬೇಡ, ಎಣ್ಣೆ ಬೀಜ ಅಲ್ವಾ, ತಿಂಗಳು ಕಳೆದಂಗೆ ಜೀವ ಹೋಗ್ತಾ ಬರುತ್ತೆ, ಹೋದ ವರ್ಷ ಡಬ್ಬೀಲಿಟ್ಟಿದ್ದನ್ನ ಈ ವರ್ಷ ಹಾಕಿ ಬರ್ಲಿಲ್ಲ ಅಂತ ನನ್ನ ಕೇಳ್ಬೇಡಿ.

ಸೀದಾ ಗುಂಡೀಲೇ ಎರಡು ಮೂರು ಬೀಜ ಊರಿ ಚೆನ್ನಾಗಿ ಬಂದಿದ್ದನ್ನ ಬಿಟ್ಕೊಂಡ್ರೆ ಇನ್ನೂ ಒಳ್ಳೇದು, ತಾಯಿಬೇರಿಗೆ ಅಡ್ಡಿನೇ ಇರಲ್ಲ. ನಮ್ಮ ಕೊರಟಗೆರೆ ಕಡೆ ಜಮೀನಲ್ಲಿ ಹಂಗೆ ಹಾಕಿದ್ದು ಮನೆ ಮುಂದೆ ಕವರ್ ಗಿಡ ನೆಟ್ಟಿದ್ದನ್ನ ನಾಲ್ಕನೇ ವರ್ಷಕ್ಕೇ ಹಿಂದೆ ಹಾಕ್ತು.

ಗುಂಡಿ ಎಷ್ಟು ದೊಡ್ಡದು, ಗೊಬ್ಬರ ಏನು ಹಾಕೋದು, ಯಾವ ತಿಂಗಳು?

ಗುಂಡಿ 2 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಆಳ. ಏಪ್ರಿಲ್-ಮೇನಲ್ಲೇ ತೋಡಿ ಬಿಸಿಲಿಗೆ ಬಿಡಿ. ಲೇಔಟ್ ಮಣ್ಣಿನ ಕಥೆ ನಿಮಗೆ ಗೊತ್ತಿರೋದೇ, ಮೇಲೆ ಒಂದಡಿ ತುಂಬಿಸಿದ ಮಣ್ಣು, ಅದರಲ್ಲಿ ಇಟ್ಟಿಗೆ ಚೂರು, ಸಿಮೆಂಟ್ ಗಟ್ಟಿ, ಟೈಲ್ಸ್, ಕೆಳಗೆ ಗಟ್ಟಿ ಗರಸು. ಹಾರೆ ಹಾಕಿ ತಳ ಒಡೀರಿ, ಆಮೇಲೆ ಎರಡು ಬಿಂದಿಗೆ ನೀರು ಸುರಿದು ಬಿಡಿ, ಮಾರನೇ ದಿನಕ್ಕೂ ನೀರು ನಿಂತಿದ್ರೆ ಇನ್ನೂ ಒಡೀಬೇಕು ಅಂತ ಅರ್ಥ. ಈ ಒಂದು ಕೆಲ್ಸ ಬಿಟ್ಟು ಬೇರೆ ಎಲ್ಲಾ ಮಾಡೋರನ್ನ ನೋಡಿದೀನಿ, ಗಿಡ ಹೂಕುಂಡದಲ್ಲಿದ್ದಂಗೆ ಅಲ್ಲೇ ಕುಂತಿರುತ್ತೆ.

ತೋಡಿದ ಮಣ್ಣಿಗೆ ಒಂದು ಮಂಕರಿ ಹಳೇ ತಿಪ್ಪೆ ಗೊಬ್ಬರ, ಅಷ್ಟೇ. ಯೂರಿಯಾ ಗೀರಿಯಾ ಬೇಡ. ಎಲ್ಲಾದ್ರೂ ಹಳೇ ಹೊಂಗೆ ಮರದ ಬುಡದ ಮಣ್ಣು ಎರಡು ಬೊಗಸೆ ಸಿಕ್ಕಿದ್ರೆ ತಂದು ಸೇರ್ಸಿ, ಬೇರಿಗೆ ಗಂಟು ಕಟ್ಟೋ ಸೂಕ್ಷ್ಮಾಣು ಅದರಲ್ಲೇ ಬರುತ್ತೆ.

ನೆಡೋದು ಆರಿದ್ರ ಮಳೆ ಬಿದ್ದ ಮೇಲೆ, ಜೂನ್ ಕೊನೆ ಜುಲೈ. ಒಂದು ವಿಷ್ಯ ಮರೀಬೇಡಿ, ನಮ್ಮ ಕಡೆ ಮಲೆನಾಡಲ್ಲ, ಜುಲೈನಲ್ಲಿ ಮೋಡ ಇರುತ್ತೆ, ಗಾಳಿ ಇರುತ್ತೆ, ಮಳೆ ಮಾತ್ರ ತುಂತುರು. ನಮಗೆ ಸರಿಯಾದ ಮಳೆ ಸೆಪ್ಟೆಂಬರ್-ಅಕ್ಟೋಬರ್‌ದು. ಮಳೆಗಾಲ ಅಂತ ನೆಟ್ಟು ಕೈಬಿಟ್ರೆ ಆಗಸ್ಟಲ್ಲೇ ಒಣಗುತ್ತೆ, ವಾರ ಮಳೆ ಇಲ್ಲ ಅಂದ್ರೆ ನೀರು ಹಾಕಿ. ಕವರ್ ಬ್ಲೇಡಲ್ಲಿ ಕೊಯ್ದು ತೆಗೀರಿ, ಕವರ್ ಸಮೇತ ನೆಡೋ ಮಹಾನುಭಾವರೂ ಇದಾರೆ, ವನಮಹೋತ್ಸವದ ಫೋಟೋಗಳಲ್ಲಿ ಹುಡುಕಿ ನೋಡಿ.

ನೀರು ಎಷ್ಟು ದಿನ ಹಾಕ್ಬೇಕು? ಬರ ತಡೆಯೋ ಮರ ಅಂತೀರಲ್ಲ?

ಬರ ತಡೆಯೋದು ಮರ, ಗಿಡ ಅಲ್ಲ. ನಾನು ಸಾಯಿಸಿದ ಇನ್ನೊಂದು ಗಿಡ ಸತ್ತಿದ್ದು ಇದೇ ಕಾರಣಕ್ಕೆ. ಮೊದಲ್ನೇ ಬೇಸಿಗೆ ಪೂರ್ತಿ ಚೆನ್ನಾಗಿ ನೋಡ್ಕೊಂಡೆ, ಎರಡನೇ ಬೇಸಿಗೆ ಹೆಂಗೂ ಬೇರು ಬಿಟ್ಟಿದೆ ಅಂತ ಒಂದು ತಿಂಗಳು ಮಗನ ಮನೆಗೆ ಹೋದೆ, ಬರೋಷ್ಟರಲ್ಲಿ ಕಡ್ಡಿ. ಮೊದಲ್ನೇ ಬೇಸಿಗೆ ವಾರಕ್ಕೆರಡು ಸಲ ಒಂದೊಂದು ಬಿಂದಿಗೆ, ಎರಡನೇ ಬೇಸಿಗೆ ವಾರಕ್ಕೊಂದ್ಸಲ ಎರಡು ಬಿಂದಿಗೆ, ಮೂರನೇ ಬೇಸಿಗೆ ಹತ್ತು ಹದಿನೈದು ದಿನಕ್ಕೊಂದ್ಸಲ. ಆಮೇಲೆ ಬಿಟ್ಟುಬಿಡಿ. ದಿನಾ ಒಂದು ಚೊಂಬು ಹಾಕೋದು ಪ್ರೀತಿ ಅನ್ಸುತ್ತೆ, ಆದ್ರೆ ಅದರಿಂದ ಬೇರು ಮೇಲೇ ಉಳಿಯುತ್ತೆ. ಅಪರೂಪಕ್ಕೆ ಹಾಕಿ, ತುಂಬಾ ಹಾಕಿ, ಆಗ ಬೇರು ನೀರು ಹುಡುಕ್ಕೊಂಡು ಕೆಳಗಿಳಿಯುತ್ತೆ.

ಕೊಳಾಯಿ ನೀರು ಬರದೇ ಇರೋ ಲೇಔಟ್ ಆದ್ರೆ ಗಿಡದ ಪಕ್ಕ ಒಂದೂವರೆ ಅಡಿ ದೂರದಲ್ಲಿ ಹಳೇ ಮಣ್ಣಿನ ಮಡಕೆ ಹೂತಿಟ್ಟು ಅದಕ್ಕೆ ನೀರು ತುಂಬಿ ಮುಚ್ಚಿ, ಮೆಲ್ಲಗೆ ಜಿನುಗುತ್ತೆ. ತರಕಾರಿ ತೊಳೆದ ನೀರೂ ನಡೆಯುತ್ತೆ, ಸೋಪಿನ ನೀರು ಎಳೇ ಗಿಡಕ್ಕೆ ಬೇಡ. ಪಾತಿ ಮೇಲೆ ಒಣ ಎಲೆ, ತೆಂಗಿನ ಸಿಪ್ಪೆ ಹಾಸಿ, ತಿಪಟೂರಿನ ಜಿಲ್ಲೇಲಿ ಕೂತು ತೆಂಗಿನ ಸಿಪ್ಪೆಗೇನು ಬರ.

ಎಲೆ ಮೇಲೆ ಗುಳ್ಳೆ ಗುಳ್ಳೆ ಬಂದಿದೆ, ಇನ್ನೊಂದು ಗಿಡದಲ್ಲಿ ಎಲೆ ಪೂರ್ತಿ ಹುಳ ತಿಂದಿದೆ. ಔಷಧಿ ಹೊಡೀಲಾ?

ಬೇಡ. ಆ ಗುಳ್ಳೆ ಮಾಡೋದು ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿ, ಎಲ್ಲಾ ಹೊಂಗೇಲೂ ಇರುತ್ತೆ, ನೋಡೋಕೆ ಮೊಡವೆ ಥರ, ಮರಕ್ಕೆ ಏನೂ ಆಗಲ್ಲ. ಎಲೆ ಮೇಲೆ ಬೆಳ್ಳಗೆ ಬೊಬ್ಬೆ ಎದ್ದಂಗೆ ಕಾಣೋದು ಎಲೆ ಕೊರೆಯೋ ಹುಳದ ಕೆಲ್ಸ, ಅದೂ ಅಷ್ಟೇ. ಎಲೆ ಪೂರ್ತಿ ತಿನ್ನೋ ಹುಳ ಹೆಚ್ಚಾಗಿ ಚಿಟ್ಟೆ ಮರಿ, ಹೊಂಗೆ ಎಲೇನೇ ಊಟ ಮಾಡಿ ಬೆಳೆಯೋ ಚಿಟ್ಟೆಗಳಿವೆ. ಹದಿನೈದಿಪ್ಪತ್ತು ದಿನ ತಡೀರಿ, ಮರ ಮತ್ತೆ ಚಿಗುರುತ್ತೆ. ತೀರಾ ಎಳೇ ಗಿಡ ಆಗಿದ್ರೆ ಮಾತ್ರ ಕೈಯಲ್ಲೇ ಹುಳ ಆರಿಸಿ. ಏಪ್ರಿಲ್‌ನಲ್ಲಿ ಹೂ ಇದ್ದಾಗ ಯಾವ ಔಷಧೀನೂ ಹೊಡೀಬೇಡಿ, ಆಗ ಮರದ ಕೆಳಗೆ ನಿಂತ್ರೆ ಟ್ರಾನ್ಸ್‌ಫಾರ್ಮರ್ ಪಕ್ಕ ನಿಂತಂಗೆ ಗುಂಯ್ ಅಂತಿರುತ್ತೆ, ಅಷ್ಟು ಜೇನು.

ಕಸ ಜಾಸ್ತಿ ಅಂತಾರಲ್ಲ?

ಹೌದು, ಜಾಸ್ತೀನೇ, ಸುಳ್ಳು ಹೇಳಲ್ಲ. ಫೆಬ್ರವರೀಲಿ ಎಲೆ, ಅದರ ಜೊತೆಗೇ ಕಾಯಿ, ಆಮೇಲೆ ಹೂ. ಬೆಳಗ್ಗೆ ಎದ್ದು ರಂಗೋಲಿ ಹಾಕೋ ನಮ್ಮನೆಯವಳು ಮೊದಲ ವರ್ಷ ಹೂ ಬಿದ್ದಾಗ ಚೆನ್ನಾಗಿದೆ ಅಂದ್ಲು, ಮೂರನೇ ವರ್ಷದಿಂದ ಪೊರಕೆ ನನ್ನ ಕೈಗೆ ಕೊಟ್ಳು. ಗುಡಿಸಿದ್ದನ್ನ ಸುಡಬೇಡಿ. ಹೂವನ್ನ ಒಂದು ಮೂಲೇಲಿ ಗುಡ್ಡೆ ಹಾಕಿ ನೀರು ಚಿಮುಕಿಸಿ ಬಿಟ್ರೆ ಒಳ್ಳೆ ಗೊಬ್ಬರ ಆಗುತ್ತೆ, ಗುಲಾಬಿ ಕುಂಡಕ್ಕೆ ಹಾಕಿ ನೋಡಿ. ಎಲೇನ ಹಿಂದೆ ಗದ್ದೆಗೆ ತುಳೀತಿದ್ರು.

ಬೀಜದಿಂದ ಎಣ್ಣೆ ತೆಗೆಸ್ಬೋದಾ? ದುಡ್ಡು ಬರುತ್ತಾ?

ಒಂದು ಮರಕ್ಕೆ ದುಡ್ಡಿನ ಮಾತು ಬೇಡ. ನಾಲ್ಕೈದು ವರ್ಷಕ್ಕೆ ಕಾಯಿ ಶುರು, ದೊಡ್ಡ ಮರ ಆದ್ಮೇಲೆ ಹತ್ತು ಕೆಜಿಯಿಂದ ಹಿಡಿದು ಐವತ್ತು ಕೆಜಿ ಮೇಲೂ ಬೀಜ ಬರ್ಬೋದು, ಮರದಿಂದ ಮರಕ್ಕೆ ಬಹಳ ವ್ಯತ್ಯಾಸ. ನಾಲ್ಕು ಕೆಜಿ ಬೀಜಕ್ಕೆ ಒಂದು ಲೀಟರ್ ಆಸುಪಾಸು ಎಣ್ಣೆ. ಹಿಂದೆ ಹಳ್ಳೀಲಿ ದೀಪಕ್ಕೆ ಇದೇ ಎಣ್ಣೆ, ಈಗಲೂ ದನಗಳ ಕಜ್ಜಿಗೆ ಹಚ್ತಾರೆ. ಅಡುಗೆಗೆ ಬರಲ್ಲ, ಕಹಿ, ತಿನ್ನೋ ಹಂಗಿಲ್ಲ. ಇದರಿಂದ ಡೀಸೆಲ್ ಮಾಡ್ಬೋದು ಅಂತ 2009ರಲ್ಲಿ ಸರ್ಕಾರ ಜೈವಿಕ ಇಂಧನ ನೀತೀನೇ ತಂತು, ಹಾಸನದ ಮಡೆನೂರಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಪಾರ್ಕೂ ಇದೆ, ಆಸಕ್ತಿ ಇರೋರು ಹೋಗಿ ನೋಡ್ಬೋದು. ನನಗೆ ಮಾತ್ರ ಹಿಂಡಿ ಮುಖ್ಯ, ತೆಂಗಿನ ಬುಡಕ್ಕೆ ಹೊಂಗೆ ಹಿಂಡಿ ಹಾಕಿದ್ರೆ ಗೊಬ್ಬರಾನೂ ಆಯ್ತು, ಗೊಣ್ಣೆ ಹುಳದ ಕಾಟಾನೂ ಸ್ವಲ್ಪ ತಗ್ಗುತ್ತೆ.

ಮನೆ ಮುಂದೆ ಹೊಂಗೆ ಇದ್ರೆ ಒಳ್ಳೇದಲ್ಲ, ದೆವ್ವ ಇರುತ್ತೆ ಅಂತ ಅತ್ತೆ ಹೇಳ್ತಾರೆ.

ಅದು ಹುಣಸೆ ಕಣಮ್ಮ. ಅತ್ತೆಗೆ ಮರ ಅದಲು ಬದಲಾಗಿದೆ.

ಕೊಂಬೆ ಕಡಿಯೋದು ಹೆಂಗೆ? ಮರಾನೇ ತೆಗೀಬೇಕು ಅಂದ್ರೆ?

ಮೊದಲ ಮೂರ್ನಾಲ್ಕು ವರ್ಷ ಬುಡದ ಪಕ್ಕದ ಕೊಂಬೆಗಳನ್ನ ವರ್ಷಕ್ಕೆ ಒಂದೆರಡರಂತೆ ತೆಗೀತಾ ಬನ್ನಿ, ಆಳೆತ್ತರಕ್ಕೆ ಕಾಂಡ ಖಾಲಿ ಆದ್ರೆ ಸಾಕು, ಒಂದೇ ಸಲ ಎಲ್ಲಾ ಸವರಿದ್ರೆ ತಲೆ ಭಾರ ಆಗಿ ಬಾಗುತ್ತೆ. ಎಲೆ ಉದುರಿದಾಗ ಮಾಡಿದ್ರೆ ಯಾವ ಕೊಂಬೆ ಎಲ್ಲಿದೆ ಅಂತ ಕಾಣುತ್ತೆ. ಒಟ್ಟು ಹಸಿರಿನ ಮೂರರಲ್ಲೊಂದು ಭಾಗಕ್ಕಿಂತ ಜಾಸ್ತಿ ಒಂದೇ ವರ್ಷ ತೆಗೀಬೇಡಿ.

ಬೆಳೆದ ಮರ ಕಡಿಯೋಕೆ ಮುಂಚೆ ಅರಣ್ಯ ಇಲಾಖೇಲಿ ಕೇಳಿ. ನಮ್ಮ ಸೈಟು ನಮ್ಮ ಮರ ಅಂತ ಮಾತಾಡೋ ಹಂಗಿಲ್ಲ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಖಾಸಗಿ ಜಾಗದ ಮರಕ್ಕೂ ಅನ್ವಯ.

ನೆಟ್ಟ ಎಷ್ಟು ವರ್ಷಕ್ಕೆ ಕೆಳಗೆ ಕುರ್ಚಿ ಹಾಕ್ಕೊಂಡು ಕೂರ್ಬೋದು?

ಐದನೇ ವರ್ಷ ಒಂದು ಕುರ್ಚಿ. ಎಂಟನೇ ವರ್ಷ ಮಂಚ. ಮೊದಲ ವರ್ಷ ಮಾತ್ರ ನೆಟ್ಟಿದ್ದು ನೆಟ್ಟಂಗೇ ಇರುತ್ತೆ, ಒಂದಡೀನೂ ಏರಲ್ಲ, ಎಷ್ಟೋ ಜನ ಆಗಲೇ ಬೇಜಾರಾಗಿ ಕಿತ್ತು ಬೇರೆ ಹಾಕ್ತಾರೆ. ಅದು ಆಗ ಕೆಳಗೆ ಬೆಳೀತಾ ಇರುತ್ತೆ, ಸುಮ್ನಿರಿ.

ನಿಮ್ಮ ಮರದ ಬೀಜ ಕೊಡ್ತೀರಾ?

ಕೊಡ್ತೀನಿ. ಶಿವರಾತ್ರಿ ಕಳೆದ ಮೇಲೆ ಯಾವಾಗ ಬೇಕಾದ್ರೂ ಬನ್ನಿ, ಕೆಳಗೆ ಬಿದ್ದಿರೋದನ್ನೇ ಆರಿಸ್ಕೊಳ್ಳಿ, ಚೀಲ ನೀವೇ ತನ್ನಿ. ಹಂಗೇ ಬರೋವಾಗ ಒಂದು ಪೊರಕೆ ತಂದ್ರೆ ಇನ್ನೂ ಖುಷಿ.